ಗೊಂಬೆಗಳ ಪಕ್ಕ ಒಂದು ಪರದೆ

ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ಆ ವಾರ ಪೂರ್ತಿ ಮೈಸೂರು ವಿಶ್ವವಿದ್ಯಾಲಯದ ಆವರಣವಾದ ನಮ್ಮ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯದಲ್ಲಿ ಸಂಜೆ ಹೊತ್ತು ಸಿನಿಮಾ, ಚಿತ್ರಕಲೆ, ಗೊಂಬೆಯಾಟ ಇಟ್ಟರೆ ಎಷ್ಟು ಚೆನ್ನಾಗಿರುತ್ತದೆ ಅಲ್ವಾ?

ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಊರೂರು ಸುತ್ತಿ ಈ ವಸ್ತುಸಂಗ್ರಹಾಲಯವನ್ನು ಕಟ್ಟುವುದರಲ್ಲಿ ದೊಡ್ಡ ಪಾತ್ರ ವಹಿಸಿದರು. ಅಲ್ಲಿ ನನಗೆ ಜಾಸ್ತಿ ಇಷ್ಟ ತೊಗಲುಗೊಂಬೆಗಳು. ಚರ್ಮವನ್ನು ಬೆಳಕು ದಾಟುವಷ್ಟು ಹದ ಮಾಡಿ, ಸಣ್ಣ ಸಣ್ಣ ತೂತು ಕೊರೆದು, ಬಣ್ಣ ಹಚ್ಚುತ್ತಾರೆ. ಹಿಂದೆ ದೀಪ, ಮುಂದೆ ಬಿಳಿ ಪರದೆ, ಸುತ್ತ ಕತ್ತಲು. ಸಿನಿಮಾ ಬರುವ ಎಷ್ಟೋ ಮೊದಲೇ ನಮ್ಮ ಜನ ಹೀಗೆ ರಾತ್ರಿಯಿಡೀ ಕೂತು ಕಥೆ ನೋಡಿದ್ದಾರೆ! ಸುಮ್ನೆ ನಿಂತ ಗೊಂಬೆ ನೋಡಿದರೆ ಅದು ಗೊತ್ತಾಗುವುದಿಲ್ಲ.

ಒಂದು ಸಂಜೆ ಗೊಂಬೆಯಾಟ, ಅದರ ಬೆನ್ನಿಗೇ ಸಿನಿಮಾ ಇಡಬೇಕು. ಮಂಡ್ಯ ಕಡೆಯ ತೊಗಲುಗೊಂಬೆ ಕಲಾವಿದರನ್ನೇ ಕರೆಸಲಿ, ಒಳ್ಳೆ ಸಂಭಾವನೆ ಕೊಡಲಿ. ಮುಂದಿನ ಸಾಲು ಮಕ್ಕಳಿಗೆ ಇರಲಿ.