ಕೆನಡಾದ ಬಳಚಿನ ತೋಟ, ನಮ್ಮ ಗಜನಿ

ಉತ್ತರ ಕನ್ನಡದ ತದಡಿ ಹೊಳೆಯಲ್ಲಿ ಬಳಚು (ಮರಳಲ್ಲಿ ಹೂತಿರುವ ಚಿಪ್ಪುಮೀನು) ಹೆಕ್ಕುವವರು ಕೆನಡಾದ ಪಶ್ಚಿಮ ಕರಾವಳಿಗೆ ಬಂದರೆ ಮೊದಲು ಹೊತ್ತಿನ ಲೆಕ್ಕ ತಪ್ಪುತ್ತದೆ. ಬ್ರಿಟಿಷ್ ಕೊಲಂಬಿಯಾದಲ್ಲಿ ನೀರು ತೀರ ಕೆಳಗಿಳಿಯುವುದು ಬೇಸಿಗೆಯಲ್ಲಾದರೆ ಹಗಲು, ಚಳಿಗಾಲದಲ್ಲಾದರೆ ರಾತ್ರಿ. ಅಂಥ ಇಳಿತದಲ್ಲಿ ಕ್ವಾಡ್ರಾ ದ್ವೀಪದ ಕೆಲವು ದಂಡೆಗಳಲ್ಲಿ ನೀರಂಚಿಗೆ ತಗ್ಗಾದ ಕಲ್ಲುಸಾಲು ಮೇಲೇಳುತ್ತದೆ. ಗಾರೆ ಇಲ್ಲ, ಬರೀ ಪೇರಿಸಿದ ಗುಂಡುಕಲ್ಲು. ಅದು ಬಳಚಿನ ತೋಟದ ಕಟ್ಟೆ.

ದಂಡೆಯಲ್ಲಿ ಬಿದ್ದಿರುವ ಕಲ್ಲುಗಳನ್ನು ಇಳಿತದ ಕೊನೆಯ ಗೆರೆಗೆ ಉರುಳಿಸಿ ಪೇರಿಸುತ್ತಾರೆ. ಮೇಲೆ ಜಾಗ ತೆರವಾಗುತ್ತದೆ, ಕೆಳಗೆ ಕಟ್ಟೆ ಏಳುತ್ತದೆ. ಕಟ್ಟೆಯ ಹಿಂದೆ ಮರಳು, ಚಿಪ್ಪಿನ ಚೂರು ನಿಂತು ಇಳಿಜಾರು ಸಪಾಟಾಗುತ್ತದೆ. ಬಳಚು ಚೆನ್ನಾಗಿ ಬೆಳೆಯುವುದು ಒಂದು ಎತ್ತರದ ಪಟ್ಟಿಯಲ್ಲಿ ಮಾತ್ರ: ಅದಕ್ಕಿಂತ ಮೇಲಾದರೆ ನೀರಿನಡಿ ಇದ್ದು ಮೇಯುವ ಹೊತ್ತು ಕಡಿಮೆ, ಕೆಳಗಾದರೆ ನಕ್ಷತ್ರಮೀನಿನ ಕಾಟ. ಸಪಾಟಾದಷ್ಟೂ ಆ ಪಟ್ಟಿ ಅಗಲ. ಕೋಲಿನಿಂದ ಅಗೆದು ದೊಡ್ಡವನ್ನು ತೆಗೆದು ಸಣ್ಣವನ್ನು ಅಲ್ಲೇ ಬಿಡುತ್ತಾರೆ. ವರ್ಷಗಟ್ಟಲೆ ಯಾರೂ ಅಗೆಯದಿದ್ದರೆ ಹೂಳು ಗಟ್ಟಿಯಾಗಿ ಒಳಗೆ ಗಾಳಿಯಾಡುವುದಿಲ್ಲ. ಅಲೆಗೆ ನಾಲ್ಕು ಕಲ್ಲು ಜಾರಿದರೆ ಆ ಸಂದಿನಿಂದ ಮರಳೇ ಹೋಗುತ್ತದೆ. ಮುಟ್ಟದೆ ಬಿಟ್ಟರೆ ಪ್ರಕೃತಿ ತಾನೇ ಸರಿಯಾಗುತ್ತದೆ ಎನ್ನುವ ಪೇಟೆಯ ಮಾತು ಇಲ್ಲಿ ನಡೆಯುವುದಿಲ್ಲ.

1995ರಲ್ಲಿ ಇದೇ ಕರಾವಳಿಯ ಬ್ರೌಟನ್ ದ್ವೀಪಸಮೂಹದ ಮೇಲೆ ಹಾರುತ್ತ ಭೂರೂಪ ವಿಜ್ಞಾನಿ ಜಾನ್ ಹಾರ್ಪರ್ ಈ ಗೋಡೆಗಳನ್ನು ಕಂಡರು. ಅಲೆಯೋ ಹಿಮವೋ ಇಟ್ಟ ಕಲ್ಲಿನಂತೆ ಅವು ಇರಲಿಲ್ಲ. ಅಲ್ಲಿನ ಮೂಲನಿವಾಸಿ ಕ್ವಾಕ್ವಕ್ಯವಕ್ವ ಜನರ ಹಿರಿಯ ಆ್ಯಡಮ್ ಡಿಕ್ ಅವರ ಹತ್ತಿರ ಅದಕ್ಕೆ ಹೆಸರೇ ಇತ್ತು: ಲೋಖಿವೇ. ಕಲ್ಲು ಉರುಳಿಸುವುದು ಎಂಬ ಅರ್ಥ ಅದರಲ್ಲಿದೆ. ಕಟ್ಟುವ ಕ್ರಮವೇ ಹೆಸರು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬಿಡಿಸಿ ಇಡುತ್ತಿದ್ದ ವಸತಿ ಶಾಲೆಗೆ ಡಿಕ್ ಅವರನ್ನು ಚಿಕ್ಕಂದಿನಲ್ಲಿ ಎಳೆದೊಯ್ಯದಂತೆ ಹಿರಿಯರು ಅಡಗಿಸಿಟ್ಟು ಹಳೆಯ ವಿದ್ಯೆ ಕಲಿಸಿದ್ದರು. ಆ ಮಾತು ಉಳಿದದ್ದು ಹಾಗೆ.

ಅಳತೆ ಆಮೇಲೆ ಬಂತು. ಕ್ವಾಡ್ರಾದಲ್ಲಿ ಗೋಡೆ ಇರುವ, ಇಲ್ಲದ ದಂಡೆಗಳನ್ನು ಹೋಲಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಗೋಡೆಯ ಹಿಂದೆ ಬಟರ್ ಕ್ಲಾಮ್ ಎಂಬ ಜಾತಿಯ ಬಳಚು 4 ಪಟ್ಟು, ಲಿಟಲ್‌ನೆಕ್ ಎಂಬ ಜಾತಿ 2 ಪಟ್ಟು. ಲಿಟಲ್‌ನೆಕ್ ಮರಿ ಬೆಳೆಯುವ ವೇಗ 1.7 ಪಟ್ಟು. ಗೋಡೆಯ ವಯಸ್ಸು ತಿಳಿಯುವುದು ಕಷ್ಟ, ಕಲ್ಲು ತಾನು ಯಾವಾಗ ಉರುಳಿದೆ ಎಂದು ಹೇಳುವುದಿಲ್ಲ. ಅಡಿಯಲ್ಲಿ ಸಿಕ್ಕಿಬಿದ್ದ ಚಿಪ್ಪಿನ ಕಾರ್ಬನ್ ಅಳೆಯಬೇಕು. ಕಡಲಿನ ಕಾರ್ಬನ್ ಮೊದಲೇ ಹಳತಾಗಿರುವುದರಿಂದ ಲೆಕ್ಕದಿಂದ ನೂರಾರು ವರ್ಷ ತೆಗೆಯದಿದ್ದರೆ ಚಿಪ್ಪು ಸುಳ್ಳು ವಯಸ್ಸು ಹೇಳುತ್ತದೆ. ಕ್ವಾಡ್ರಾದ ಹಳೆಯ ಗೋಡೆಗೆ ಸುಮಾರು 3,500 ವರ್ಷ.

ದಂಡೆ ಯಾರದು ಎಂಬುದಕ್ಕೆ ಮಾತ್ರ ಚಿಪ್ಪು ಉತ್ತರ ಕೊಡುವುದಿಲ್ಲ. ಈ ಜನರನ್ನು 'ಹೆಕ್ಕಿ ತಿನ್ನುವವರು' ಎಂದು ಬರೆದಾಗ ಉಳುಮೆ ಇಲ್ಲ, ಹಾಗಾಗಿ ಒಡೆತನವೂ ಇಲ್ಲ ಎನ್ನುವುದು ಸುಲಭವಾಯಿತು. ಅದನ್ನು ಬಿಡಿಸಲು ಇತಿಹಾಸ, ಭಾಷೆ, ಮನೆತನದ ಮಾತು ಓದುವವರೇ ಬೇಕು.

ಬಳಚಿನಲ್ಲಿ ಕೆಲವೊಮ್ಮೆ ವಿಷ ಸೇರುತ್ತದೆ; ಆ ವಿಷಯದಲ್ಲಿ ಪ್ರಯೋಗಾಲಯದ ಮಾತೇ ಕೊನೆ. ಬೇಸಿಗೆಯ ಕೆಂಪು ನೀರಿನ (ಕಡಲಲ್ಲಿ ವಿಷದ ಪಾಚಿ ಹೆಚ್ಚುವ) ಕಾಲ ತಪ್ಪಿಸಿ ಚಳಿಗಾಲದಲ್ಲಿ ಅಗೆಯುವ ಹಳೆಯ ವಾಡಿಕೆ ಒಳ್ಳೆಯದೇ. ಆದರೆ ಬಟರ್ ಕ್ಲಾಮ್ ಒಳಗೆ ಸ್ಯಾಕ್ಸಿಟಾಕ್ಸಿನ್ ಎಂಬ ಆ ವಿಷ 2 ವರ್ಷದವರೆಗೂ ಉಳಿಯಬಹುದು, ಎಷ್ಟು ಕುದಿಸಿದರೂ ಹೋಗದು. 100 ಗ್ರಾಂ ಮಾಂಸಕ್ಕೆ 80 ಮೈಕ್ರೋಗ್ರಾಂ ದಾಟಿದರೆ ದಂಡೆ ಬಂದ್.

ಕಟ್ಟೆ ಕಟ್ಟಿ ಬೆಳೆಯುವ ಇಂಥ ವಿದ್ಯೆ ನಮ್ಮಲ್ಲೂ ಇದೆ. ಊರಲ್ಲಿ ಗಜನಿಯ, ಅಂದರೆ ಹೊಳೆಯಂಚಿನ ಉಪ್ಪುನೀರಿನ ಗದ್ದೆಯ, ಮಾತು ಬಂದರೆ ಕಗ್ಗ ಭತ್ತ ಉಪ್ಪು ತಾಳುತ್ತದೆ ಎನ್ನುವಲ್ಲಿಗೆ ನಿಲ್ಲುತ್ತದೆ. ತೆನೆ ಮಾತ್ರ ಕೊಯ್ದು ಕೂಳೆ ಬಿಡುವುದು, ಅದು ಕೊಳೆತು ಸಿಗಡಿಗೆ ಮೇವಾಗುವುದು, ಸಿಗಡಿಯ ಹೊಲಸು ಮತ್ತೆ ಭತ್ತಕ್ಕೆ ಗೊಬ್ಬರವಾಗುವುದು ಕೂಡ ಅದೇ ವಿದ್ಯೆ. ಉಪ್ಪುನೀರು ತಡೆಯಲು ಸರ್ಕಾರ ಹಾಕಿದ ಖಾರ್‌ಲ್ಯಾಂಡ್ ಕಟ್ಟೆ ಬರುವ ಮುಂಚೆ ಮಣ್ಣಿನ ಕಟ್ಟೆ ಹಾಕಿದವರು ಮಾಣಿಕಟ್ಟಾ ಊರಿನ ಕಡೆ ಸಿಕ್ಕರೆ ಕೇಳಿ: ಜೇಡಿ ಎಲ್ಲಿಂದ ತರುತ್ತಿದ್ದರು, ನೀರು ಬಿಡುವ ಜಂತ್ರಡಿಯ ಹಲಗೆ ಯಾವ ತಿಥಿಯ ಭರತಕ್ಕೆ ಎತ್ತುತ್ತಿದ್ದರು, ಮೊದಲ ಮಳೆ ಎಷ್ಟು ದಿನ ಬಿದ್ದರೆ ಉಪ್ಪು ಇಳಿಯಿತು ಎಂದು ನಾಲಿಗೆಗೆ ಗೊತ್ತಾಗುತ್ತಿತ್ತು. ಅವರು ಆಡಿದ ಪದಗಳನ್ನೇ ಬರೆದುಕೊಳ್ಳಿ, ತಿದ್ದಬೇಡಿ.