ಯಾವ ಉಪ್ಪು?

ಒಂಬತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯ ವಿಜ್ಞಾನ ಉತ್ತರಪತ್ರಿಕೆ ಇಂದಿಗೂ ನನ್ನ ಬಳಿ ಇದೆ. ಅದರಲ್ಲಿ ಒಂದು ಪ್ರಶ್ನೆ: ಕೆಳಗಿನವುಗಳನ್ನು ಧಾತು, ಸಂಯುಕ್ತ, ಮಿಶ್ರಣ ಎಂದು ವರ್ಗೀಕರಿಸಿರಿ. ತಾಮ್ರ, ಗಾಳಿ, ಹಿತ್ತಾಳೆ, ಹಾಲು, ಸಕ್ಕರೆ, ಉಪ್ಪು. ಐದರ ಮುಂದೆ ಸರಿ ಗುರುತು ಬಿದ್ದಿದೆ. ಉಪ್ಪಿನ ಮುಂದೆ ನಾನು ಪುಸ್ತಕದಲ್ಲಿ ಓದಿದಂತೆ 'ಸಂಯುಕ್ತ' ಎಂದು ಬರೆದಿದ್ದೆ. ಅಲ್ಲಿ ಸರಿಯೂ ಇಲ್ಲ, ತಪ್ಪೂ ಇಲ್ಲ. ಕೆಂಪು ಶಾಯಿಯಲ್ಲಿ ಎರಡೇ ಪದ: ಯಾವ ಉಪ್ಪು?

ಬರೆದವರು ನಮ್ಮ ವಿಜ್ಞಾನದ ಅಕ್ಕೋರು. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯರನ್ನು ಅಕ್ಕೋರು ಎಂದು ಕರೆದು ಬಂದ ನಮ್ಮ ಬಾಯಿಗೆ ಹೈಸ್ಕೂಲಿನಲ್ಲಿಯೂ ಬೇರೆ ಹೆಸರು ಹೊಂದಲಿಲ್ಲ. ಅವರು ಘಟ್ಟದ ಮೇಲಿನಿಂದ ವರ್ಗವಾಗಿ ಬಂದವರು. ನಮ್ಮ ಊರು ಅಘನಾಶಿನಿ ನದಿಯ ಅಳಿವೆಯ ಬದಿಗೆ, ಸಾಣಿಕಟ್ಟಾದ ಉಪ್ಪಿನ ಆಗರಗಳಿಗೆ ಹತ್ತಿರ. ಒಂದು ಕಡೆ ಉಪ್ಪು ನೀರು ನುಗ್ಗುವ ಗಜನಿ ಗದ್ದೆ, ಇನ್ನೊಂದು ಕಡೆ ಆಗರ, ನಡುವೆ ಉಬ್ಬರದ ನೀರು ಹತ್ತಿ ಇಳಿಯುವ ಕಾಲುವೆ. ನನ್ನ ಅಪ್ಪ ಆಗರದಲ್ಲಿ ದುಡಿಯುತ್ತಿದ್ದರು. ಬೇಸಿಗೆಯಲ್ಲಿ ಅವರ ಹಿಮ್ಮಡಿಯ ಬಿರುಕುಗಳಿಗೆ ಉಪ್ಪು ಹೊಕ್ಕು ಉರಿಯುವುದನ್ನು, ಅಮ್ಮ ರಾತ್ರಿ ಕೊಬ್ಬರಿ ಎಣ್ಣೆ ಸವರುವುದನ್ನು ನೋಡಿ ಬೆಳೆದವರು ನಾವು. ಉಪ್ಪಿನ ಬಗ್ಗೆ ನನ್ನನ್ನೇ ಕೇಳುತ್ತಾರಲ್ಲ ಎಂದು ಆ ದಿನ ನನಗೆ ಸಿಟ್ಟು ಬಂದಿತ್ತು.

ಉತ್ತರಪತ್ರಿಕೆ ಹಿಡಿದುಕೊಂಡು ಹೋಗಿ ಅವರ ಮೇಜಿನ ಮುಂದೆ ನಿಂತೆ. "ಉಪ್ಪೆಂದರೆ ಸೋಡಿಯಂ ಕ್ಲೋರೈಡ್ ಅಲ್ಲವೇ ಅಕ್ಕೋರೆ?" ಎಂದೆ. ಅವರು, "ಹೌದು. ಆದರೆ ನಿನ್ನ ಮನೆಯ ಮರಿಗೆಯಲ್ಲಿರುವುದು ಅದೊಂದೇ ಏನು? ಅಪ್ಪನನ್ನು ಕೇಳಿ ಬಾ. ಅವರಿಗೆ ನನಗಿಂತ ಚೆನ್ನಾಗಿ ತಿಳಿದಿರುತ್ತದೆ" ಎಂದರು. ಶಾಲೆಯಲ್ಲಿ ಯಾರಾದರೂ ಅಪ್ಪನ ತಿಳಿವಳಿಕೆಯ ಮಾತನ್ನು ಎತ್ತಿದ್ದು ಅದೇ ಮೊದಲು.

ಆ ರಾತ್ರಿ ಕೇಳಿದೆ. ಅಪ್ಪ ಉಣ್ಣುತ್ತಲೇ ಹೇಳಿದರು: "ಹೊಸ ಉಪ್ಪು ಕಹಿ. ಒಂದು ಮಳೆಗಾಲ ಕಂಡ ಉಪ್ಪಿಗೇ ರುಚಿ. ಉಪ್ಪಿನ ಬುಟ್ಟಿಯ ಕೆಳಗೆ ಪಾತ್ರೆ ಇಟ್ಟಿದೆಯಲ್ಲ, ಅದರಲ್ಲಿ ಇಳಿದ ನೀರನ್ನು ನಾಲಿಗೆಗೆ ಹಚ್ಚಿ ನೋಡು." ನೋಡಿದೆ. ಗಂಟಲಿನವರೆಗೆ ಕಹಿಯಾಯಿತು. ಮರುದಿನ ಆ ನೀರನ್ನು ಔಷಧಿಯ ಸೀಸೆಯೊಂದರಲ್ಲಿ ತುಂಬಿಕೊಂಡು ಶಾಲೆಗೆ ಹೋದೆ.

ಅಕ್ಕೋರು ಎರಡು ಗಾಜಿನ ಲೋಟ ತಂದರು. ಒಂದರಲ್ಲಿ ಪ್ರಯೋಗಶಾಲೆಯ ಬಾಟಲಿಯಲ್ಲಿದ್ದ ಶುದ್ಧ ಸೋಡಿಯಂ ಕ್ಲೋರೈಡಿನ ದ್ರಾವಣ, ಇನ್ನೊಂದರಲ್ಲಿ ನನ್ನ ಕಹಿ ನೀರು. ಎರಡೂ ತಿಳಿಯಾಗಿದ್ದವು. ಬಳಿಕ ಎರಡಕ್ಕೂ ವಾಷಿಂಗ್ ಸೋಡಾ ಕರಗಿಸಿದ ನೀರನ್ನು ಹನಿ ಹನಿಯಾಗಿ ಬಿಟ್ಟರು. ಮೊದಲನೆಯದು ಹಾಗೆಯೇ ಉಳಿಯಿತು. ಎರಡನೆಯದು ಮಜ್ಜಿಗೆಯಂತೆ ಬೆಳ್ಳಗಾಯಿತು. ಅದರಲ್ಲಿದ್ದ ಮೆಗ್ನೀಸಿಯಂ, ಕಾರ್ಬೊನೇಟ್ ಆಗಿ ಹೊರಬಿದ್ದಿತ್ತು. ಆಗರದ ಉಪ್ಪಿನ ಹರಳುಗಳ ನಡುವೆ ಮೆಗ್ನೀಸಿಯಂ ಕ್ಲೋರೈಡ್ ಸೇರಿಕೊಂಡಿರುತ್ತದೆ. ಅದು ಗಾಳಿಯ ತೇವವನ್ನು ಶುದ್ಧ ಉಪ್ಪಿಗಿಂತ ಬೇಗ ಹೀರಿಕೊಂಡು ಕರಗಿ ಕೆಳಗೆ ಸೋರುತ್ತದೆ. ಹೀಗೆ ಮಳೆಗಾಲವೇ ಉಪ್ಪನ್ನು ತೊಳೆಯುತ್ತದೆ ಎಂದು ವಿವರಿಸಿದರು. ಅಪ್ಪನ ಮಾತು ಕಪ್ಪುಹಲಗೆಯ ಮೇಲೆ ಹೋಗಿ ಕುಳಿತಿತ್ತು.

ದ್ರವ್ಯದ ವರ್ಗೀಕರಣವೆಂಬ ಪಾಠ ಪುಸ್ತಕದಲ್ಲಿ ಒಂದು ಪುಟದ ನಕ್ಷೆ. ದ್ರವ್ಯ, ಅದರ ಕೆಳಗೆ ಶುದ್ಧ ವಸ್ತು ಮತ್ತು ಮಿಶ್ರಣ, ಮತ್ತೆ ಅವುಗಳ ಕೆಳಗೆ ಎರಡೆರಡು ಕವಲು. ನಾವು ಅದನ್ನು ಬಾಯಿಪಾಠ ಮಾಡಿ ಮುಗಿಸಿದ್ದೆವು. ಅಕ್ಕೋರು ಅದನ್ನು ಪುನಃ ಮೊದಲಿನಿಂದ ತೆಗೆದರು. ಹೆಸರು ಹೇಳುವ ಮೊದಲು, ಇದನ್ನು ಬೇರೆ ಮಾಡಲು ಏನು ಮಾಡಬೇಕು ಎಂದು ಕೇಳಿಕೊಳ್ಳಿ ಎನ್ನುತ್ತಿದ್ದರು. ಕಾಲುವೆಯ ಕೆಸರು ನೀರನ್ನು ಸುಮ್ಮನೆ ಇಟ್ಟರೆ ಸಾಕು, ಕೆಸರು ತಳಕ್ಕೆ ಇಳಿಯುತ್ತದೆ. ಉಪ್ಪು ನೀರು ಎಷ್ಟು ದಿನ ಇಟ್ಟರೂ ಹಾಗೆಯೇ ಇರುತ್ತದೆ, ಬಟ್ಟೆಯಲ್ಲಿ ಸೋಸಿದರೂ ಉಪ್ಪು ಸಿಗುವುದಿಲ್ಲ, ಬಿಸಿಲಿಗೆ ಹಾಕಬೇಕು. ಕತ್ತಲೆ ಮಾಡಿದ ಕೋಣೆಯಲ್ಲಿ, ಎರಡು ಹನಿ ಹಾಲು ಬೆರೆಸಿದ ನೀರಿಗೆ ಬ್ಯಾಟರಿ ಬೆಳಕು ಬಿಟ್ಟಾಗ ಬೆಳಕಿನ ದಾರಿ ಕೋಲಿನಂತೆ ಕಂಡಿತು. ಉಪ್ಪು ನೀರಿನಲ್ಲಿ ಕಾಣಲಿಲ್ಲ. ಹಾಲು ಕಲಿಲ, ಅಂದರೆ ಸಣ್ಣ ಕಣಗಳು ಕರಗದೆ ತೇಲುವ ಮಿಶ್ರಣ, ಉಪ್ಪು ನೀರು ದ್ರಾವಣ ಎಂಬುದನ್ನು ಆಮೇಲೆ ನಾನು ಮರೆತದ್ದಿಲ್ಲ. ಹಿತ್ತಾಳೆಯ ಕೊಡ ನೋಡಲು ಒಂದೇ ಲೋಹದಂತಿದ್ದರೂ ತಾಮ್ರ ಮತ್ತು ಸತುವಿನ ಮಿಶ್ರಣವೇ, ಏಕೆಂದರೆ ಸತುವನ್ನು ಸ್ವಲ್ಪ ಹೆಚ್ಚು ಹಾಕಿದರೂ ಅದು ಹಿತ್ತಾಳೆಯೇ.

ಸಂಯುಕ್ತದಲ್ಲಿ ಆ ಸಡಿಲ ಇಲ್ಲ, ಅದರ ಧಾತುಗಳು ಗೊತ್ತಾದ ಪ್ರಮಾಣದಲ್ಲೇ ಸೇರಿರುತ್ತವೆ. ಅದನ್ನು ತೋರಿಸಲು ಅವರು 7 ಗ್ರಾಂ ಕಬ್ಬಿಣದ ಪುಡಿ ಮತ್ತು 4 ಗ್ರಾಂ ಗಂಧಕವನ್ನು ತೂಗಿದರು. ಬೆರೆಸಿದಾಗ ಅಯಸ್ಕಾಂತ ಕಬ್ಬಿಣವನ್ನು ಎತ್ತಿಕೊಂಡಿತು. ಮತ್ತೆ ಬೆರೆಸಿ ಪ್ರನಾಳದಲ್ಲಿ ಕಾಯಿಸಿದಾಗ ಒಂದು ಮೂಲೆ ಕೆಂಪಾಯಿತು. ದೀಪ ತೆಗೆದರೂ ಆ ಕೆಂಪು ತಾನಾಗಿಯೇ ಮುಂದೆ ಮುಂದೆ ಹರಿಯಿತು. ತಣಿದ ಮೇಲೆ ಉಳಿದ ಕರಿ ಗಟ್ಟಿಗೆ ಅಯಸ್ಕಾಂತ ಹಿಡಿದೆವು. ಬಿಡಿ ಪುಡಿ ಹಾರಿ ಅಂಟಿಕೊಂಡಂತೆ ಯಾವುದೂ ಅಂಟಲಿಲ್ಲ. ಇಡೀ ತರಗತಿ ಮಾತಿಲ್ಲದೆ ನೋಡುತ್ತಿತ್ತು.

ಫೆಬ್ರುವರಿಯಲ್ಲಿ ಅವರು ನಮ್ಮೆಲ್ಲರನ್ನೂ ಆಗರಕ್ಕೆ ಕರೆದುಕೊಂಡು ಬಂದರು. ಅಪ್ಪ ತಲೆಯ ಮುಂಡಾಸು ತೆಗೆದು ಹೆಗಲಿಗೆ ಹಾಕಿಕೊಂಡು, "ಬನ್ನಿ ಅಕ್ಕೋರೆ" ಎಂದರು. ಅಕ್ಕೋರು ನಮ್ಮ ಕಡೆ ತಿರುಗಿ, "ಇವತ್ತಿನ ಪಾಠ ಇವರದು" ಎಂದರು. ಅಪ್ಪ ಮೊದಲು ಸಂಕೋಚಪಟ್ಟರು. ಆಮೇಲೆ ಒಡ್ಡಿನ ಮೇಲೆ ನಡೆಯುತ್ತ ಒಂದೊಂದೇ ಕಟ್ಟೆಯನ್ನು ತೋರಿಸಿದರು. ಮೊದಲ ಕಟ್ಟೆಯಲ್ಲಿ ಕೆಸರು ಕೂರುತ್ತದೆ. ಮುಂದಿನದರಲ್ಲಿ ನೀರು ದಪ್ಪವಾಗುತ್ತದೆ, ತಳದಲ್ಲಿ ಕಾಲಿಗೆ ಚುಚ್ಚುವ ಸಣ್ಣ ಹರಳು ಬರುತ್ತದೆ, ಅದು ಉಪ್ಪಲ್ಲ. ಕೊನೆಯದರಲ್ಲಿ ಉಪ್ಪು. ಉಪ್ಪು ಎಳೆದ ಮೇಲೆ ಉಳಿದ ನೀರನ್ನು ಹೊರಗೆ ಬಿಡಬೇಕು, ಅದನ್ನೂ ಒಣಗಲು ಬಿಟ್ಟರೆ ಉಪ್ಪೆಲ್ಲ ಕಹಿಯಾಗುತ್ತದೆ.

ಅವರು ಹೇಳಿದ ಪ್ರತಿ ಮಾತಿಗೂ ಅಕ್ಕೋರು ರಸಾಯನಶಾಸ್ತ್ರದ ಒಂದೊಂದು ಹೆಸರನ್ನು ಜೋಡಿಸುತ್ತ ಹೋದರು. ಸಾವಿರ ಗ್ರಾಂ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳು, ಅದರಲ್ಲಿ ಮುಕ್ಕಾಲಿಗಿಂತ ತುಸು ಹೆಚ್ಚು ಸೋಡಿಯಂ ಕ್ಲೋರೈಡ್. ನೀರು ಆರುತ್ತ ಹೋದಂತೆ ಕಡಿಮೆ ಕರಗುವುದು ಮೊದಲು ಹೊರಬರುತ್ತದೆ. ಆ ಚುಚ್ಚುವ ಹರಳು ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ನೀರು ಮೊದಲಿನ ಹತ್ತರಲ್ಲಿ ಒಂದು ಪಾಲಿಗೆ ಇಳಿಯುವ ಹೊತ್ತಿಗೆ ಉಪ್ಪು. ಕೊನೆಯವರೆಗೂ ನೀರಿನಲ್ಲೇ ಉಳಿಯುವುದು ಮೆಗ್ನೀಸಿಯಂ ಲವಣಗಳು. ಆ ಹೊತ್ತಿನಲ್ಲಿ ಅಪ್ಪ ಮತ್ತು ಅಕ್ಕೋರು ಇಬ್ಬರೂ ಬಗ್ಗಿ ಒಂದೇ ಕಟ್ಟೆಯ ನೀರನ್ನು ನೋಡುತ್ತ, ಒಬ್ಬರ ಮಾತನ್ನು ಇನ್ನೊಬ್ಬರು ಮುಂದುವರಿಸುತ್ತಿದ್ದ ಚಿತ್ರ ನನ್ನ ಕಣ್ಣಿನಲ್ಲಿ ಹಾಗೆಯೇ ಇದೆ. ಶಾಲೆ ನನಗೆ ಕೊಟ್ಟದ್ದರಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಾಣೆ.

ಹಿಂತಿರುಗುವಾಗ ದಾರಿಯಲ್ಲಿ ನದಿಯ ಚಿಪ್ಪುಗಳ ರಾಶಿ ಸಿಕ್ಕಿತು, ಸುಣ್ಣ ಸುಡಲು ಹಾಕಿದ್ದು. ಅಕ್ಕೋರು ಅಲ್ಲಿ ನಿಂತು ಹೇಳಿದ ಸಂಗತಿ ಪುಸ್ತಕದಲ್ಲಿರಲಿಲ್ಲ. 1789ರಲ್ಲಿ ಲವಾಸಿಯೆ ಎಂಬ ರಸಾಯನಶಾಸ್ತ್ರಜ್ಞ ಫ್ರಾನ್ಸಿನಲ್ಲಿ ಧಾತುಗಳ ಪಟ್ಟಿ ಮಾಡಿದಾಗ ಅದರಲ್ಲಿ 33 ಹೆಸರುಗಳಿದ್ದವು. ಬೆಳಕು, ಶಾಖ, ಸುಣ್ಣ ಕೂಡ ಅದರಲ್ಲಿ ಸೇರಿದ್ದವು. ಬೇರೆ ವಸ್ತುಗಳಾಗಿ ಒಡೆಯಲಾಗದ್ದೇ ಧಾತು, ಅಂದಿಗೆ ಸುಣ್ಣವನ್ನು ಒಡೆಯಲು ಯಾರಿಗೂ ಆಗಿರಲಿಲ್ಲ. 1807ರಲ್ಲಿ ಇಂಗ್ಲೆಂಡಿನ ಡೇವಿ ವಿದ್ಯುತ್ತಿನಿಂದ ಕಾಸ್ಟಿಕ್ ಸೋಡಾವನ್ನು ಒಡೆದು ಸೋಡಿಯಂ ಪಡೆದರು, ಮರುವರ್ಷ ಸುಣ್ಣದಿಂದ ಕ್ಯಾಲ್ಸಿಯಂ. ಕ್ಲೋರಿನ್ ಕಥೆ ಇದಕ್ಕೆ ತಿರುವುಮುರುವು: 1774ರಲ್ಲಿ ಸ್ವೀಡನ್ನಿನ ಶೀಲೆ ಆ ಹಸಿರು ಹಳದಿ ಅನಿಲವನ್ನು ತಯಾರಿಸಿದ್ದರೂ ಅದರಲ್ಲಿ ಆಮ್ಲಜನಕ ಅಡಗಿದೆ ಎಂದೇ ರಸಾಯನಶಾಸ್ತ್ರಜ್ಞರು ಬಹುಕಾಲ ನಂಬಿದ್ದರು. ಏನು ಮಾಡಿದರೂ ಆಮ್ಲಜನಕ ಹೊರಬರಲಿಲ್ಲವೆಂದು ತೋರಿಸಿ, ಅದು ಧಾತುವೇ ಎಂದು 1810ರಲ್ಲಿ ಡೇವಿ ಸಾರಿದರು. ನೀರಿಗೆ ಬಿದ್ದರೆ ಸಿಡಿಯುವ ಲೋಹ, ಉಸಿರಿಗೆ ವಿಷವಾದ ಅನಿಲ, ಎರಡೂ ಸೇರಿ ಅಪ್ಪನ ಕಟ್ಟೆಯಲ್ಲಿ ಹೊಳೆಯುವ ಹರಳು. ನೂರು ಗ್ರಾಂ ಶುದ್ಧ ಉಪ್ಪು ಎಲ್ಲಿಯದೇ ಇರಲಿ, ಅದರಲ್ಲಿ ಸೋಡಿಯಂ 39.3 ಗ್ರಾಂ, ಕ್ಲೋರಿನ್ 60.7 ಗ್ರಾಂ.

ಮರುದಿನ ಅಕ್ಕೋರು ನನ್ನ ಹಳೆಯ ಉತ್ತರಪತ್ರಿಕೆಯನ್ನು ತರಿಸಿಕೊಂಡರು. ಕೆಂಪು ಪ್ರಶ್ನೆಯ ಕೆಳಗೆ ನಾನು ಬರೆದೆ: ಸೋಡಿಯಂ ಕ್ಲೋರೈಡ್ ಸಂಯುಕ್ತ, ನಮ್ಮ ಆಗರದ ಉಪ್ಪು ಮಿಶ್ರಣ. ಅವರು ಒಂದು ಅಂಕ ಹಾಕಿ, ನನ್ನ ಸೀಸೆಗೆ ಚೀಟಿ ಅಂಟಿಸಿ ಪ್ರಯೋಗಶಾಲೆಯ ಕಪಾಟಿನಲ್ಲಿಟ್ಟರು.

ನಾನು ಈಗ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ಅಪ್ಪ ಇಲ್ಲ, ಅಕ್ಕೋರೂ ಇಲ್ಲ. ಕಳೆದ ವರ್ಷ ಶಾಲೆಗೆ ಬಂದಾಗ ಕಪಾಟು ತೆರೆದು ನೋಡಿದೆ. 'ಕಹಿ ನೀರು, ಸಾಣಿಕಟ್ಟಾ' ಎಂಬ ಚೀಟಿ ಹಳದಿಯಾಗಿತ್ತು, ಸೀಸೆಯ ತಳದಲ್ಲಿ ಎರಡು ಬೆರಳಿನಷ್ಟು ನೀರು ಉಳಿದಿತ್ತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅದೇನೆಂದು ಕೇಳಿದಳು. ಉತ್ತರ ಹೇಳದೆ ಅವಳ ಕೈಗೆ ಲೋಟವನ್ನೂ ವಾಷಿಂಗ್ ಸೋಡಾದ ನೀರನ್ನೂ ಕೊಟ್ಟೆ. ಅವಳು ಹನಿ ಬಿಟ್ಟಳು, ನೀರು ಬೆಳ್ಳಗಾಯಿತು. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಿಳುಪು ನಿಧಾನವಾಗಿ ತಳಕ್ಕೆ ಇಳಿಯುವುದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಆಮೇಲೆ, ಸೋಸುವ ಕಾಗದ ಎಲ್ಲಿದೆ ಎಂದು ಕೇಳಿದಳು.