ಕೊಕ್ಕೆ ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ

ಕೊನೆಗೂ ಗೊತ್ತಾಯಿತು! ಒಂದು ಪುಟಾಣಿ ಜೀರುಂಡೆಯ ಗಂಡು ಜನನಾಂಗದ ತುದಿಯಲ್ಲಿ ಕಂಡು, ಮೂರು ವಾರ ನನ್ನನ್ನು ಕಾಡಿದ ಕೊಕ್ಕೆಯ ಗುಟ್ಟು ನಿನ್ನೆ ರಾತ್ರಿ ಬಯಲಾಯಿತು.

ತರಗೆಲೆ ಜರಡಿ ಹಿಡಿದು, ಹುಳುಗಳು ತಾವೇ ಕೆಳಗಿಳಿದು ಬೀಳುವ ವಿಂಕ್ಲರ್ ಚೀಲದಲ್ಲಿ ನೇತುಹಾಕಿ, ಸಿಕ್ಕಿದ್ದನ್ನು ಕಾರ್ಡಿಗೆ ಅಂಟಿಸಿದ್ದೆ. ಪ್ಸೆಲಾಫಿನೇ ಗುಂಪಿನ ಜೀರುಂಡೆ, ಉದ್ದ 1.4 ಮಿ.ಮೀ. ಸಿಕ್ಕಿದ್ದು 11, ಅದರಲ್ಲಿ ಗಂಡು 4. ಹೊಸ ಪ್ರಭೇದ ಅಂತ ಮೊದಲ ದಿನವೇ ಅನಿಸಿತ್ತು. ಆದರೆ ಅನಿಸಿದ್ದನ್ನು ಡಯಾಗ್ನೋಸಿಸ್‌ನಲ್ಲಿ (ಹೊಸ ಪ್ರಭೇದ ಉಳಿದವಕ್ಕಿಂತ ಹೇಗೆ ಬೇರೆ ಅನ್ನುವ ವಿವರಣೆಯಲ್ಲಿ) ಬರೆಯೋಕಾಗಲ್ಲ ಅಲ್ವಾ? ಈಡಿಯಾಗಸ್, ಅಂದರೆ ಗಂಡಿನ ಜನನಾಂಗ, ನೋಡಲೇಬೇಕು.

ಮೊದಲ ಗಂಡಿನದನ್ನು ಮಾಂಸ ಕರಗಿಸುವ 10% ಕೆಓಎಚ್‌ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣದಲ್ಲಿ ಬಿಟ್ಟು, ತೊಳೆದು, ಸ್ಲೈಡ್ ಮೇಲೆ ಯೂಪರಾಲ್ ಎಂಬ ಅಂಟಿನಲ್ಲಿ ಕೂರಿಸಿ ಕವರ್ ಸ್ಲಿಪ್ ಮುಚ್ಚಿದೆ.

ಈಡಿಯಾಗಸ್ ತುದಿ ಬಲಕ್ಕೆ ಕೊಕ್ಕೆಯ ಹಾಗೆ ಬಾಗಿತ್ತು. ಹತ್ತಿರದ ಪ್ರಭೇದದ ಹಳೇ ಚಿತ್ರದಲ್ಲಿ ಅದು ನೆಟ್ಟಗಿದೆ. ಎಂಥ ಖುಷಿ! ಮೂರು ಸಂಜೆ ಕೂತು ಚಿತ್ರ ಬಿಡಿಸಿದೆ, ಇಂಕ್ ಕೂಡ ಹಾಕಿದೆ.

ಎರಡನೇ ಗಂಡಿನಲ್ಲಿ ಕೊಕ್ಕೆ ಎಡಕ್ಕಿತ್ತು. ಮೂರನೆಯದರಲ್ಲಿ ಕೊಕ್ಕೆಯೇ ಇಲ್ಲ.

ಮೂರೂ ಒಂದೇ ಜರಡಿಯಲ್ಲಿ ಬಂದವು. ಆಂಟೆನಾದ ದಪ್ಪ ತುದಿ, ತಲೆಯ ಕುಳಿಗಳು, ಮುಂರೆಕ್ಕೆಯ ಬುಡದ ಕುಳಿಗಳು ಎಲ್ಲ ಒಂದೇ ಥರ. ಮೂರು ಪ್ರಭೇದ ಅನ್ನಲು ಮನಸ್ಸು ಒಪ್ಪಲಿಲ್ಲ. ಎರಡು ದಿನ ಕುಳಿಗಳನ್ನೇ ಮತ್ತೆ ಮತ್ತೆ ಎಣಿಸಿದೆ. ಆಮೇಲೆ ಸ್ಲೈಡ್‌ಗಳನ್ನು ಅಡ್ಡ ಹಿಡಿದು ನೋಡಿದೆ. ಮೂರನೆಯದಕ್ಕೆ ಯೂಪರಾಲ್ ಜಾಸ್ತಿ ಬಿದ್ದಿತ್ತು, ಕವರ್ ಸ್ಲಿಪ್ ಎತ್ತರದಲ್ಲಿ ನಿಂತಿತ್ತು. ಉಳಿದೆರಡರಲ್ಲಿ ಗಾಜು ಅಂಗದ ಮೇಲೇ ಕೂತಿತ್ತು.

ಉಳಿದಿದ್ದು ಒಂದೇ ಗಂಡು. ಈ ಸಲ ಕವರ್ ಸ್ಲಿಪ್ ಬೇಡ ಅಂದುಕೊಂಡೆ. ಕುಳಿ ಇರುವ ಸ್ಲೈಡ್, ಅದರಲ್ಲಿ ಪಾರದರ್ಶಕ ಸ್ಯಾನಿಟೈಸರ್ ಜೆಲ್. ಜೆಲ್‌ನಲ್ಲಿ ಗುಳ್ಳೆಗಳ ಕಾಟ. ಸಣ್ಣ ಬಾಟಲಿಯಲ್ಲಿ ಮುಚ್ಚಿ ರಾತ್ರಿಯಿಡೀ ಅಲುಗಾಡಿಸದೆ ಇಟ್ಟೆ, ಕಡಿಮೆಯಾದವು. ಮಿನುಟನ್ ಎಂಬ ಬಹಳ ಸಣ್ಣ ಪಿನ್ನಿನ ತುದಿಯಿಂದ ಈಡಿಯಾಗಸ್ಸನ್ನು ಮೆಲ್ಲಗೆ ಹೊರಳಿಸಿದೆ. ತಿರುಗಿಸಿದ ಹಾಗೇ ನಿಂತಿತು!

ಮೇಲಿಂದ ನೋಡಿದರೆ ತುದಿ ನೆಟ್ಟಗೆ. ಪಕ್ಕದಿಂದ ನೋಡಿದರೆ ಗಿಳಿಯ ಕೊಕ್ಕಿನ ಹಾಗೆ ಕೆಳಕ್ಕೆ ಬಾಗಿದೆ. ಗಾಜು ಒತ್ತಿದಾಗ ಆ ಬಾಗು ಒಂದರಲ್ಲಿ ಬಲಕ್ಕೆ ಮಲಗಿದೆ, ಇನ್ನೊಂದರಲ್ಲಿ ಎಡಕ್ಕೆ. ಅಷ್ಟೇ!

ಈ ಜೆಲ್ ನೋಡಿ ಟಿಲೀಡೇ ಮೇಲೆ ಆಸೆ ಹುಟ್ಟಿದೆ. ಗರಿಯಂಥ ರೆಕ್ಕೆಯ ಆ ಪುಟಾಣಿ ಜೀರುಂಡೆಗಳು ಅದೇ ಜರಡಿಯಲ್ಲಿ ಡಜನ್‌ಗಟ್ಟಲೆ ಬಂದಿವೆ. ಅವುಗಳಲ್ಲಿ ಸೈಡೋಸೆಲ್ಲಾ ಮುಸಾವಾಸೆನ್ಸಿಸ್ ಎಂಬುದರ ಒಂದು ಮಾದರಿ 2015ರಲ್ಲಿ ಅಳೆದಾಗ 0.325 ಮಿ.ಮೀ. ಇತ್ತು. ಈ ಗುಂಪಿನಲ್ಲಿ ಹೆಣ್ಣಿನ ಸ್ಪರ್ಮಥೀಕಾ (ವೀರ್ಯ ಕೂಡಿಡುವ ಚೀಲ) ನೋಡಬೇಕು, ಅದಕ್ಕೂ ಒತ್ತಡ ಆಗಿಬರುವುದಿಲ್ಲ. ಮುಂದಿನ ಕೆಲಸ ಅದೇ.

ಆದರೆ ನಿನ್ನೆ ಸಂಜೆ ಎದೆ ಧಸಕ್ಕೆಂದಿತು. ಹಳೇ ಚಿತ್ರ ಮೇಲಿನಿಂದ ಬರೆದದ್ದು ಮಾತ್ರ. ಮೇಲಿಂದ ನಮ್ಮದೂ ನೆಟ್ಟಗೇ ಇದೆ! ಹಾಗಾದರೆ ವ್ಯತ್ಯಾಸ ಎಲ್ಲಿ ಹೋಯಿತು? ಹಳೇ ಪೆಟ್ಟಿಗೆಯಲ್ಲಿ ಆ ಪ್ರಭೇದದ ಒಂದು ಗಂಡು ಇತ್ತು. ರಾತ್ರಿಯೇ ಬಿಚ್ಚಿ ಅದೇ ಜೆಲ್‌ನಲ್ಲಿ ಪಕ್ಕಕ್ಕೆ ಮಲಗಿಸಿದೆ. ಪಕ್ಕದಿಂದಲೂ ತುದಿ ಕಡ್ಡಿಯ ಹಾಗೆ ನೆಟ್ಟಗೆ. ಬಾಗೇ ಇಲ್ಲ. ಸುಮ್ನೆ ಕೂತು ಬಹಳ ಹೊತ್ತು ನೋಡಿದೆ.

ಮೊದಲ ಸ್ಲೈಡನ್ನು ಆಲ್ಕೋಹಾಲ್‌ನಲ್ಲಿ ನೆನೆಹಾಕಿದ್ದೇನೆ. ಯೂಪರಾಲ್ ಕರಗಿದ ಮೇಲೆ ತುದಿ ಎಷ್ಟು ಎದ್ದೀತೋ ನೋಡಬೇಕು. ಹೋಲೋಟೈಪ್, ಅಂದರೆ ಹೊಸ ಹೆಸರಿಗೆ ಆಧಾರವಾಗುವ ಒಂದೇ ಮಾದರಿ, ಅಂತೂ ಅದಲ್ಲ. 2000ದಿಂದ ಈಚೆಗೆ ಟೈಪ್ ಮಾದರಿ ಯಾವುದು ಅಂತ ಸ್ಪಷ್ಟವಾಗಿ ಹೇಳದೆ ಹೊಸ ಪ್ರಭೇದದ ಹೆಸರು ನಿಲ್ಲುವುದಿಲ್ಲ. ಹಾಗಾಗಿ ನಾಲ್ಕನೇ ಗಂಡಿಗೆ ಇವತ್ತು ಹೋಲೋಟೈಪ್‌ನ ಕೆಂಪು ಲೇಬಲ್ ಬರೆದೆ. ಅದರ ಈಡಿಯಾಗಸ್ ಗ್ಲಿಸರಿನ್ ತುಂಬಿದ ಪುಟ್ಟ ಕೊಳವೆಯಲ್ಲಿ, ಆ ಜೀರುಂಡೆಯ ಕಾರ್ಡು ಚುಚ್ಚಿರುವ ಪಿನ್ನಿನಲ್ಲೇ, ಕಾರ್ಡಿನ ಕೆಳಗಿದೆ. ಈಗ ಪಕ್ಕದ ನೋಟದ ಚಿತ್ರ ಶುರು ಮಾಡಬೇಕು.